ದೇವರ ನ್ಯಾಯ, ದೇವರ ಕ್ಷಮೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೈಬಲ್ ಅಧ್ಯಯನಕ್ಕೆ ಕೂತಾಗ, ಪತ್ರಗಳಲ್ಲಿ, ಎಷ್ಟೋ ಸಲ ಸಾವಿನ ಮನೆಯ ಅಂಗಳದಲ್ಲಿ ಕೂಡ ಜನ ಕೇಳುವ ಪ್ರಶ್ನೆಗಳು ಇವು. ಆದಷ್ಟು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಕ್ರೈಸ್ತ ಸಭೆಗಳ ನಡುವೆ ಒಮ್ಮತವಿಲ್ಲದ ಕಡೆ ಇಲ್ಲ ಎಂದೇ ಬರೆದಿದ್ದೇನೆ. ನನ್ನ ಸ್ವಂತ ಅಭಿಪ್ರಾಯ ಬಂದ ಕಡೆ ಅದು ನನ್ನದು ಎಂದು ತಿಳಿಯುವಂತೆ ಹೇಳಿದ್ದೇನೆ.

## ಮೊದಮೊದಲು ಕೇಳುವವು

ದೇವರು ನ್ಯಾಯವಂತ ಅಂದ ಮೇಲೆ ತಪ್ಪು ಮಾಡಿದವನನ್ನು ಬಿಡಬಾರದು. ದಯಾಮಯ ಅಂದ ಮೇಲೆ ಶಿಕ್ಷೆ ಕೊಡಬಾರದು. ಎರಡೂ ಒಟ್ಟಿಗೆ ಹೇಗೆ?

ಈ ಇಕ್ಕಟ್ಟು ಬೈಬಲಿಗೂ ಗೊತ್ತು. ಇಸ್ರಾಯೇಲರು ಚಿನ್ನದ ಬಸವನನ್ನು ಮಾಡಿ ಪೂಜಿಸಿದ ಮೇಲೆ, ಸೀನಾಯಿ ಬೆಟ್ಟದಲ್ಲಿ ದೇವರು ಮೋಶೆಗೆ ತಾನು ಎಂಥವನೆಂದು ಹೇಳಿಕೊಳ್ಳುತ್ತಾನೆ (ವಿಮೋಚನಕಾಂಡ 34:6-7). ಕನಿಕರ, ದಯೆ, ದೀರ್ಘಶಾಂತಿ ಉಳ್ಳವನು, ಪಾಪಗಳನ್ನು ಕ್ಷಮಿಸುವವನು ಎನ್ನುತ್ತಾನೆ. ಅಪರಾಧಿಯನ್ನು ನಿರಪರಾಧಿ ಎಂದು ಎಣಿಸದವನು ಎಂಬ ಮಾತನ್ನೂ ಒಂದೇ ಉಸಿರಿಗೆ ಸೇರಿಸುತ್ತಾನೆ.

ನ್ಯಾಯ ಎಂದರೆ ಶಿಕ್ಷೆ ಅಷ್ಟೇ ಎಂದುಕೊಂಡರೆ ಈ ಎರಡು ಮಾತು ಒಂದಕ್ಕೊಂದು ಹೊಂದುವುದಿಲ್ಲ. ಪ್ರವಾದಿಗಳು ನ್ಯಾಯದ ಮಾತೆತ್ತಿದಾಗ ಅವರ ಕಣ್ಣ ಮುಂದೆ ಇರುವವರು ಅನಾಥ ಮಗು, ವಿಧವೆ, ಕಳ್ಳ ತಕ್ಕಡಿಯಲ್ಲಿ ಮೋಸಹೋದ ಬಡವ. ಯೆಶಾಯನ ಮೊದಲ ಅಧ್ಯಾಯದ 17ನೇ ವಚನ ವಿಧವೆಯ ಪರವಾಗಿ ವಾದಿಸಿ ಎನ್ನುತ್ತದೆ. ಅದರ ಬೆನ್ನಿಗೇ ಬರುವ 18ನೆಯದು, ಕಡುಕೆಂಪಾದ ಪಾಪ ಹಿಮದಂತೆ ಬೆಳ್ಳಗಾಗುವ ಮಾತು. ಕೆಟ್ಟುಹೋದದ್ದನ್ನು ಸರಿಮಾಡುವುದು ದೇವರ ನ್ಯಾಯ. ಕೆಡಿಸಿದವನನ್ನೂ ಆ ಸರಿಪಡಿಸುವಿಕೆಯೊಳಗೆ ಸೇರಿಸಿಕೊಳ್ಳುವುದು ಆತನ ಕ್ಷಮೆ. ಕೆಟ್ಟದ್ದನ್ನು ಕೆಟ್ಟದ್ದು ಎಂದು ಹೇಳದೆ ಇವೆರಡರಲ್ಲಿ ಯಾವುದೂ ಶುರುವಾಗುವುದಿಲ್ಲ.

ಮಾಡಿದ್ದುಣ್ಣೋ ಮಹಾರಾಯ ಅನ್ನೋದೇ ನ್ಯಾಯ ಅಲ್ವಾ? ಕ್ಷಮೆ ಅಂದ್ರೆ ಉಣ್ಣದೆ ತಪ್ಪಿಸಿಕೊಳ್ಳೋದು ತಾನೆ?

ಮನುಷ್ಯ ಬಿತ್ತಿದ್ದನ್ನೇ ಕೊಯ್ಯುತ್ತಾನೆ ಎಂದು ಆದಿ ಸಭೆಯ ಬೋಧಕ ಪೌಲನೂ ಗಲಾತ್ಯದವರಿಗೆ ಬರೆದಿದ್ದಾನೆ (6:7). ಹಾಗಾಗಿ ಈ ಗಾದೆಯನ್ನು ಕ್ರೈಸ್ತರು ಸುಳ್ಳೆನ್ನುವಂತಿಲ್ಲ. ಆದರೆ ಅದರ ಜೊತೆಗೆ ಇನ್ನೊಂದು ಮಾತೂ ಇದೆ.

ದಾವೀದ ಅರಸನ ಕಥೆ ನೋಡಿ (2 ಸಮುವೇಲ 11-12). ಬತ್ಷೆಬೆಯನ್ನು ಅರಮನೆಗೆ ಕರೆಸಿಕೊಂಡ. ಅವಳು ಬಸುರಿ ಎಂದು ತಿಳಿದಾಗ ಅವಳ ಗಂಡ ಊರೀಯನನ್ನು ಯುದ್ಧಭೂಮಿಯಿಂದ ಕರೆಸಿ, ಮನೆಗೆ ಹೋಗಿ ಮಲಗು ಎಂದ. ಜೊತೆಯ ಸೈನಿಕರು ಬಯಲಿನಲ್ಲಿ ಬಿದ್ದುಕೊಂಡಿರುವಾಗ ತಾನು ಹೇಗೆ ಹೋಗಲಿ ಎಂದು ಊರೀಯ ಅರಮನೆಯ ಬಾಗಿಲಲ್ಲೇ ಮಲಗಿದ. ಕೊನೆಗೆ ದಾವೀದ ಸೇನಾಪತಿಗೆ ಒಂದು ಪತ್ರ ಬರೆದ: ಇವನನ್ನು ಘೋರ ಯುದ್ಧ ನಡೆಯುವಲ್ಲಿ ಮುಂದೆ ನಿಲ್ಲಿಸಿ, ಹಿಂದೆ ಸರಿಯಿರಿ. ಆ ಪತ್ರವನ್ನು ಊರೀಯನ ಕೈಯಲ್ಲೇ ಕಳಿಸಿದ.

ಪ್ರವಾದಿ ನಾತಾನ ಬಂದು ಎದುರಿಗೇ ಹೇಳಿದಾಗ ದಾವೀದ ಪಾಪ ಒಪ್ಪಿಕೊಂಡ. ದೇವರು ನಿನ್ನ ಪಾಪವನ್ನು ಕ್ಷಮಿಸಿದ್ದಾನೆ ಎಂದು ನಾತಾನ ಹೇಳಿದ. ಆದರೂ ಕತ್ತಿ ಆ ಮನೆಯನ್ನು ಬಿಡಲಿಲ್ಲ. ಒಬ್ಬ ಮಗ ಇನ್ನೊಬ್ಬ ಮಗನನ್ನು ಕೊಲ್ಲಿಸಿದ, ಮಗ ಅಬ್ಷಾಲೋಮ ತಂದೆಯ ಮೇಲೆ ದಂಗೆ ಎದ್ದ. ಕ್ಷಮೆಯಿಂದ ದಾವೀದನಿಗೂ ದೇವರಿಗೂ ನಡುವೆ ಕಡಿದುಹೋದದ್ದು ಕೂಡಿತು, ಆದರೆ ಅವನು ಬಿತ್ತಿದ ಬೆಳೆ ಬೆಳೆಯುತ್ತಲೇ ಇತ್ತು. ಹುಟ್ಟಿದ ಕೂಸು ಸತ್ತ ಭಾಗ ಮಾತ್ರ ನನಗೆ ಇಂದಿಗೂ ಓದಲು ಕಷ್ಟ. ಅದಕ್ಕೊಂದು ಸುಲಭದ ಸಮರ್ಥನೆ ಕೊಟ್ಟು ಮುಂದೆ ಹೋಗಲು ನನಗೆ ಮನಸ್ಸಿಲ್ಲ.

ಹಳೆ ಒಡಂಬಡಿಕೆಯ ದೇವರು ಸಿಟ್ಟಿನವನು, ಹೊಸದರಲ್ಲಿ ಬರುವ ದೇವರು ಮೆತ್ತನೆಯವನು ಅನ್ನಿಸುತ್ತದೆ. ಇಬ್ಬರೂ ಒಬ್ಬನೇನಾ?

2ನೇ ಶತಮಾನದಲ್ಲಿ ಮಾರ್ಸಿಯನ್ ಎಂಬಾತ ಇಬ್ಬರೂ ಬೇರೆ ಎಂದೇ ಬೋಧಿಸಿದ. 144ರಲ್ಲಿ ರೋಮಿನ ಸಭೆ ಅವನನ್ನು ಹೊರಗೆ ಹಾಕಿತು. ಅಂದಿನಿಂದ ಸಭೆ ಬೈಬಲಿನ ಎರಡು ಭಾಗಗಳಾದ ಈ ಒಡಂಬಡಿಕೆಗಳನ್ನೂ ಒಬ್ಬನೇ ದೇವರ ಮಾತಾಗಿ ಓದುತ್ತ ಬಂದಿದೆ.

ಓದಿದರೆ ತಿಳಿಯುತ್ತದೆ. ನಿನೆವೆಯಂಥ ಕ್ರೂರ ಪಟ್ಟಣವನ್ನು ದೇವರು ಕ್ಷಮಿಸಿಬಿಟ್ಟನಲ್ಲ ಎಂದು ಯೋನ ಕೋಪಿಸಿಕೊಂಡು ಕೂತದ್ದು ಹಳೆ ಒಡಂಬಡಿಕೆಯಲ್ಲಿ. ನರಕದ ಬಗ್ಗೆ ಅತಿ ಗಂಭೀರವಾದ ಮಾತುಗಳು ಇರುವುದು ಯೇಸುವಿನ ಬಾಯಲ್ಲಿ. ಇಸ್ರಾಯೇಲರು ಕಾನಾನ್ ದೇಶವನ್ನು ವಶಪಡಿಸಿಕೊಂಡ ಯುದ್ಧಗಳಂಥ ಭಾಗಗಳು ಕಷ್ಟದವೇ, ಅವಕ್ಕೆ ಬೇರೆಯೇ ಚರ್ಚೆ ಬೇಕು.

ಎಂಥ ಪಾಪಕ್ಕೂ ಕ್ಷಮೆ ಇದೆಯಾ? ಕೊಲೆಗೂ?

ಇದೆ. ಮೇಲಿನ ದಾವೀದ ಕೊಲೆಗಾರನೇ. ಕ್ರೈಸ್ತರನ್ನು ಹಿಡಿದು ಸೆರೆಗೆ ಹಾಕಿಸುತ್ತಿದ್ದ, ಸ್ತೆಫನನನ್ನು ಕಲ್ಲೆಸೆದು ಕೊಂದಾಗ ಸಮ್ಮತಿಸಿ ನಿಂತಿದ್ದ ಸೌಲನೇ ಮುಂದೆ ಪೌಲನಾದ. ನಮ್ಮ ಪಾಪಗಳನ್ನು ಒಪ್ಪಿಕೊಂಡರೆ ದೇವರು ನಂಬಿಗಸ್ತನೂ ನೀತಿವಂತನೂ ಆಗಿರುವುದರಿಂದ ಕ್ಷಮಿಸುತ್ತಾನೆ ಎನ್ನುತ್ತದೆ ಯೋಹಾನನ ಮೊದಲ ಪತ್ರ (1:9). ಅಲ್ಲಿ ಕ್ಷಮೆಗೆ ಕಾರಣವಾಗಿ ಹೇಳಿರುವುದು ದೇವರ ನೀತಿಯನ್ನು ಎಂಬುದನ್ನು ಗಮನಿಸಿ.

## ಪಶ್ಚಾತ್ತಾಪದ ಬಗ್ಗೆ

ಭಾನುವಾರ ಪಾಪ ಒಪ್ಪಿಕೊಂಡು ಸೋಮವಾರದಿಂದ ಮತ್ತೆ ಅದನ್ನೇ ಮಾಡುವವರನ್ನು ನೋಡಿದ್ದೇನೆ. ಇಷ್ಟು ಸುಲಭವಾ ಕ್ಷಮೆ?

ಕೃಪೆ ಹೆಚ್ಚಲಿ ಅಂತ ಪಾಪ ಮಾಡುತ್ತಲೇ ಇರೋಣವೇ ಎಂಬ ಪ್ರಶ್ನೆಯನ್ನು ಪೌಲನೇ ಎತ್ತಿ, ಎಂದಿಗೂ ಕೂಡದು ಎಂದು ಉತ್ತರಿಸುತ್ತಾನೆ (ರೋಮಾಪುರದವರಿಗೆ 6:1-2).

ಪಶ್ಚಾತ್ತಾಪ ಕಣ್ಣೀರಿನಲ್ಲಿ ಶುರುವಾಗಬಹುದು, ಆದರೆ ಅದು ಕೈಗೂ ಬರಬೇಕು, ಹಣದ ಚೀಲಕ್ಕೂ ಬರಬೇಕು. ಯೆರಿಕೋವಿನ ಜಕ್ಕಾಯ ಸುಂಕದವರ ಮುಖ್ಯಸ್ಥ, ಜನರಿಂದ ವಸೂಲಿ ಮಾಡಿ ಕೊಬ್ಬಿದವನು. ಯೇಸು ಅವನ ಮನೆಗೆ ಊಟಕ್ಕೆ ಹೋದಾಗ ಊರೇ ಗೊಣಗಿತು. ಯೇಸು ಅವನಿಗೆ ಷರತ್ತು ಹಾಕಲಿಲ್ಲ, ಮೊದಲು ಮನೆಗೆ ಹೋದ. ಆಮೇಲೆ ಜಕ್ಕಾಯ ತಾನೇ ಎದ್ದು ನಿಂತು, ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸು ಎಂದ (ಲೂಕ 19:8). ತಪ್ಪೊಪ್ಪಿಕೊಂಡವನು ಅಸಲಿನ ಜೊತೆ ಐದನೇ ಒಂದು ಪಾಲು ಸೇರಿಸಿ ಕೊಟ್ಟರೆ ಸಾಕು ಎಂದಿತ್ತು ಮೋಶೆಯ ಧರ್ಮಶಾಸ್ತ್ರ (ಅರಣ್ಯಕಾಂಡ 5:7). ಧರ್ಮಶಾಸ್ತ್ರ ಕೇಳಿದ್ದಕ್ಕಿಂತ ಎಷ್ಟೋ ಹೆಚ್ಚು ಕೊಟ್ಟ ಜಕ್ಕಾಯ.

ಹೀಗಾಗಿ, ಇನ್ನೊಬ್ಬರ ಜಮೀನನ್ನು ಒತ್ತುವರಿ ಮಾಡಿಕೊಂಡು ಪ್ರಾರ್ಥನೆಯಲ್ಲಿ ಅಳುವವನಿಗೆ ಹೇಳಬೇಕಾದ ಮಾತು ಒಂದೇ: ಜಮೀನು ಬಿಟ್ಟುಕೊಡು. ಇನ್ನು, ಚಟಕ್ಕೆ ಸಿಕ್ಕಿ ಎದ್ದು ಬಿದ್ದು ಒದ್ದಾಡುವವರ ಸಂಗತಿ ಬೇರೆ. ಬಿದ್ದಾಗಲೆಲ್ಲ ನಿಜವಾಗಿ ಏಳಲು ಹವಣಿಸುವವನನ್ನು, ಲೆಕ್ಕ ಹಾಕಿಕೊಂಡು ಬೀಳುವವನ ಜೊತೆ ಒಂದೇ ಸಾಲಿನಲ್ಲಿ ನಿಲ್ಲಿಸಬಾರದು.

ಗುರುಗಳ ಹತ್ತಿರ ಹೋಗಿ ಹೇಳಲೇಬೇಕಾ? ದೇವರಿಗೇ ನೇರವಾಗಿ ಹೇಳಿದರೆ ಆಗಲ್ವಾ?

ನೀವು ಯಾವ ಸಭೆಗೆ ಸೇರಿದವರು ಎಂಬುದರ ಮೇಲೆ ಉತ್ತರ ನಿಂತಿದೆ. ಕಥೋಲಿಕ ಮತ್ತು ಆರ್ಥೊಡಾಕ್ಸ್ ಸಭೆಗಳಲ್ಲಿ ಪಾಪನಿವೇದನೆ ಒಂದು ಸಂಸ್ಕಾರ. ನೀವು ಯಾರ ಪಾಪಗಳನ್ನು ಕ್ಷಮಿಸುತ್ತೀರೋ ಅವು ಕ್ಷಮಿಸಲ್ಪಡುತ್ತವೆ ಎಂದು ಎದ್ದುಬಂದ ಯೇಸು ಶಿಷ್ಯರಿಗೆ ಹೇಳಿದ್ದು (ಯೋಹಾನ 20:23) ಅದಕ್ಕೆ ಆಧಾರ. ವರ್ಷಕ್ಕೆ ಒಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂದು ಕಥೋಲಿಕ ಬಿಷಪರು ಸೇರಿದ್ದ 1215ರ ನಾಲ್ಕನೇ ಲ್ಯಾಟರನ್ ಮಹಾಸಭೆ ಕಟ್ಟಳೆ ಮಾಡಿತು. ಅಲ್ಲಿ ಕೇಳಿದ್ದನ್ನು ಗುರುಗಳು ಯಾರಿಗೂ, ಯಾವ ಕಾರಣಕ್ಕೂ ಹೇಳುವಂತಿಲ್ಲ. ಹೇಳಿದರೆ ಅವರೇ ಬಹಿಷ್ಕಾರಕ್ಕೆ ಗುರಿಯಾಗುತ್ತಾರೆ.

ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಕ್ರಿಸ್ತನೊಬ್ಬನೇ ಮಧ್ಯಸ್ಥ, ನೇರ ಪ್ರಾರ್ಥನೆ ಸಾಕು. ಆದರೂ ಒಬ್ಬರಿಗೊಬ್ಬರು ಪಾಪಗಳನ್ನು ಹೇಳಿಕೊಳ್ಳಿ ಎಂಬ ಯಾಕೋಬನ ಮಾತು (5:16) ಅವರ ಬೈಬಲಿನಲ್ಲೂ ಇದೆ, ಪ್ರೊಟೆಸ್ಟೆಂಟ್ ಸುಧಾರಣೆ ಶುರುಮಾಡಿದ ಲೂಥರ್ ಕೂಡ ಖಾಸಗಿ ಪಾಪನಿವೇದನೆಯನ್ನು ಬೆಲೆಯುಳ್ಳದ್ದೆಂದು ಉಳಿಸಿಕೊಂಡಿದ್ದ. ನನ್ನ ಅನುಭವದ ಮಾತು ಹೇಳುವುದಾದರೆ, ಒಳಗೇ ಬಚ್ಚಿಟ್ಟುಕೊಂಡ ಪಾಪವನ್ನು ಇನ್ನೊಬ್ಬ ಮನುಷ್ಯನ ಮುಂದೆ ಬಾಯಿಬಿಟ್ಟು ಹೇಳಿದಾಗ ಸಿಗುವ ನೆಮ್ಮದಿಗೆ ಸಾಟಿಯಿಲ್ಲ. ಗುಟ್ಟು ಕಾಯುವವರನ್ನು ನೋಡಿ ಹೇಳಿ.

ಎಷ್ಟು ಪ್ರಾರ್ಥಿಸಿದರೂ ನನಗೆ ಕ್ಷಮೆ ಸಿಕ್ಕಿದೆ ಅಂತ ಅನ್ನಿಸುವುದೇ ಇಲ್ಲ.

ಅನ್ನಿಸದಿರುವುದಕ್ಕೂ ಸಿಗದಿರುವುದಕ್ಕೂ ವ್ಯತ್ಯಾಸವಿದೆ. ನಮ್ಮ ಹೃದಯ ನಮ್ಮನ್ನು ದೋಷಿ ಎಂದರೂ ದೇವರು ನಮ್ಮ ಹೃದಯಕ್ಕಿಂತ ದೊಡ್ಡವನು ಎನ್ನುತ್ತಾನೆ ಯೋಹಾನ (1 ಯೋಹಾನ 3:20). ಪೇತ್ರ ಮೂರು ಸಲ ಯೇಸುವನ್ನು ಅರಿಯೆನೆಂದ. ಆಮೇಲೆ ಸಮುದ್ರದ ದಡದಲ್ಲಿ, ಇದ್ದಲಿನ ಬೆಂಕಿಯ ಪಕ್ಕದಲ್ಲಿ, ಯೇಸು ಅವನನ್ನು ಮೂರು ಸಲ ನನ್ನನ್ನು ಪ್ರೀತಿಸುತ್ತೀಯೋ ಎಂದು ಕೇಳಿ, ಮೂರು ಸಲವೂ ಕುರಿಗಳನ್ನು ನೋಡಿಕೊಳ್ಳುವ ಕೆಲಸ ಒಪ್ಪಿಸಿದ (ಯೋಹಾನ 21). ತನಗೆ ಈಗ ಹೇಗನ್ನಿಸುತ್ತಿದೆ ಎಂದು ಪೇತ್ರ ತನ್ನನ್ನೇ ಕೆದಕಿಕೊಳ್ಳುತ್ತ ಕೂರಬೇಕಾಗಿ ಬರಲಿಲ್ಲ, ಕೈತುಂಬ ಕೆಲಸ ಸಿಕ್ಕಿತು. ಒಂದೇ ತಪ್ಪನ್ನು ವರ್ಷಗಟ್ಟಲೆ ದಿನವೂ ನಿವೇದಿಸುತ್ತಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಮನೋವೈದ್ಯರನ್ನೂ ನೋಡಿ. ಅದರಿಂದ ನಂಬಿಕೆಗೆ ಕುಂದಿಲ್ಲ.

ಕ್ಷಮೆಯೇ ಇಲ್ಲದ ಪಾಪ ಒಂದಿದೆಯಂತೆ. ನಾನು ಅದನ್ನು ಮಾಡಿಬಿಟ್ಟಿದ್ದರೆ?

ಮಾರ್ಕ 3:28-30ರಲ್ಲಿ ಆ ಮಾತು ಬರುವ ಸಂದರ್ಭ ನೋಡಿ. ಯೇಸು ದೆವ್ವ ಬಿಡಿಸುವುದನ್ನು ಕಣ್ಣಾರೆ ಕಂಡೂ ಶಾಸ್ತ್ರಿಗಳು ಇದು ದೆವ್ವಗಳ ಒಡೆಯ ಬೆಲ್ಜೆಬೂಲನ ಕೆಲಸ ಎಂದರು. ಪವಿತ್ರಾತ್ಮನ ಕೆಲಸವನ್ನು ತಿಳಿದೂ ತಿಳಿದೂ ಸೈತಾನನದೆಂದು ಕರೆದು, ಕ್ಷಮೆ ಬರಬಹುದಾದ ಬಾಗಿಲನ್ನೇ ತಾವಾಗಿ ಮುಚ್ಚಿಕೊಳ್ಳುವ ಹಟ ಅದು. ಮಾಡಿಬಿಟ್ಟೆನೇ ಎಂದು ನಡುಗುವವನು ಆ ಸ್ಥಿತಿಯಲ್ಲಿ ಇಲ್ಲ. ಸಭಾಪಾಲಕರು ಬಹುಕಾಲದಿಂದ ಕೊಡುತ್ತ ಬಂದಿರುವ ಉತ್ತರ ಇದು, ನನಗೂ ಇದು ಸರಿ ಎನಿಸುತ್ತದೆ.

## ಶಿಲುಬೆಯ ಬಗ್ಗೆ

ದೇವರು ಸುಮ್ಮನೆ "ಕ್ಷಮಿಸಿದ್ದೇನೆ, ಹೋಗು" ಅನ್ನಬಹುದಿತ್ತಲ್ಲ. ಯೇಸು ಯಾಕೆ ಸಾಯಬೇಕಿತ್ತು?

ನೀವು ಒಬ್ಬರಿಗೆ ಸಾಲ ಕೊಟ್ಟು ಮನ್ನಾ ಮಾಡಿದಿರಿ ಎನ್ನಿ. ಸಾಲಗಾರನ ಮಟ್ಟಿಗೆ ಸಾಲ ಮಾಯವಾಯಿತು. ಹಣ ಮಾತ್ರ ಎಲ್ಲಿಂದಲೂ ಬರಲಿಲ್ಲ, ನಷ್ಟ ನಿಮ್ಮ ಪಾಲಿಗೆ ಉಳಿಯಿತು. ಕ್ಷಮಿಸುವವನು ನಷ್ಟವನ್ನು ತನ್ನ ಮೇಲೆ ಹಾಕಿಕೊಳ್ಳುತ್ತಾನೆ. ಮನುಷ್ಯರು ಮಾಡಿದ ಕೇಡಿನ ನಷ್ಟವನ್ನು ದೇವರು ತಾನೇ ಹೊತ್ತದ್ದು ಶಿಲುಬೆಯಲ್ಲಿ ಎಂದು ಕ್ರೈಸ್ತರು ನಂಬುತ್ತಾರೆ.

ಅದು ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ವಿವರಣೆಗಳು ಹಲವು. ಮೊದಲ ಶತಮಾನಗಳ ಬೋಧಕರು, 2ನೇ ಶತಮಾನದ ಐರೇನಿಯಸ್‌ನಂಥವರು, ಪಾಪ ಮರಣ ಸೈತಾನರ ಮೇಲೆ ಕ್ರಿಸ್ತ ಗೆದ್ದ ಗೆಲುವಾಗಿ ಅದನ್ನು ಕಂಡರು. ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮ್ 1098ರ ಹೊತ್ತಿಗೆ ಬೇರೊಂದು ವಾದ ಮುಂದಿಟ್ಟ: ದೇವರಿಗೆ ಸಲ್ಲಬೇಕಾದ ಗೌರವವನ್ನು ಮನುಷ್ಯ ಕಸಿದ, ಅದನ್ನು ತೀರಿಸಬೇಕಾದವನು ಮನುಷ್ಯ, ತೀರಿಸಬಲ್ಲವನು ದೇವರು, ಆದ್ದರಿಂದ ದೇವರೂ ಮನುಷ್ಯನೂ ಆದವನೇ ಬೇಕು. ಅವನ ಮುಂದಿನ ಪೀಳಿಗೆಯ ಆಬೆಲಾರ್ಡ್, ಶಿಲುಬೆಯಲ್ಲಿ ಕಾಣುವ ಪ್ರೀತಿ ನಮ್ಮ ಮನಸ್ಸನ್ನೇ ತಿರುಗಿಸುತ್ತದೆ ಎಂಬುದಕ್ಕೆ ಒತ್ತು ಕೊಟ್ಟ. 16ನೇ ಶತಮಾನದಲ್ಲಿ ಲೂಥರ್, ಕ್ಯಾಲ್ವಿನ್ ಮೊದಲಾದವರು ನಮಗೆ ಬರಬೇಕಿದ್ದ ಶಿಕ್ಷೆಯನ್ನು ಕ್ರಿಸ್ತ ಹೊತ್ತ ಎಂಬುದನ್ನು ನಡುವಿಗೆ ತಂದರು. ಇವುಗಳಲ್ಲಿ ಒಂದನ್ನೇ ಆರಿಸಿ ಇದೇ ಸರಿ ಎಂದು ಪ್ರಾಚೀನ ಸಭೆಯ ಏಳು ಮಹಾಸಭೆಗಳಲ್ಲಿ ಯಾವುದೂ ವಿಧಿಸಿಲ್ಲ. ನನಗೆ ಎಲ್ಲವೂ ಬೇಕು. ಒಂದನ್ನೇ ಹಿಡಿದು ಉಳಿದವನ್ನು ಎಸೆದವರ ಬೋಧನೆಯಲ್ಲಿ ಏನೋ ಒಂದು ಒಣಗಿಹೋಗಿರುವುದನ್ನು ಕಂಡಿದ್ದೇನೆ.

ತಪ್ಪು ಮಾಡಿದವನೊಬ್ಬ, ಶಿಕ್ಷೆ ಇನ್ನೊಬ್ಬನಿಗೆ. ಯಾವ ಕೋರ್ಟಿನಲ್ಲೂ ಇದನ್ನು ನ್ಯಾಯ ಅನ್ನಲ್ಲ.

ಬೈಬಲ್ ಕೂಡ ಅನ್ನುವುದಿಲ್ಲ. ಮಗನ ಪಾಪಕ್ಕೆ ತಂದೆಯನ್ನು, ತಂದೆಯ ಪಾಪಕ್ಕೆ ಮಗನನ್ನು ಶಿಕ್ಷಿಸಬಾರದು ಎಂದು ಯೆಹೆಜ್ಕೇಲನ 18ನೇ ಅಧ್ಯಾಯ ಉದ್ದಕ್ಕೂ ಹೇಳುತ್ತದೆ. ಶಿಲುಬೆಯ ಬೋಧನೆಗೆ ಈ ಆಕ್ಷೇಪವನ್ನು ಬಹಳ ಹರಿತವಾಗಿ ಎತ್ತಿದವನು 16ನೇ ಶತಮಾನದ ಇಟಲಿಯ ಫಾಸ್ಟೊ ಸೊಝಿನಿ. ಆಕ್ಷೇಪ ಗಟ್ಟಿಯಾದದ್ದೇ.

ಕೋಪದಲ್ಲಿರುವ ದೇವರು ಒಂದು ಕಡೆ, ಪಾಪಿ ಇನ್ನೊಂದು ಕಡೆ, ನಡುವೆ ಸಿಕ್ಕಿಬಿದ್ದ ಮೂರನೆಯವನು ಯೇಸು ಎಂದು ಚಿತ್ರಿಸಿದರೆ ಆಕ್ಷೇಪಕ್ಕೆ ಉತ್ತರವೇ ಇಲ್ಲ. ದುಃಖದ ಸಂಗತಿಯೆಂದರೆ ಸಭೆಯಲ್ಲಿ ಕೇಳುವ ಎಷ್ಟೋ ಪ್ರವಚನಗಳು ಹಾಗೆಯೇ ಚಿತ್ರಿಸುತ್ತವೆ. ಪೌಲ ಹೇಳುವುದು ಬೇರೆ: ದೇವರೇ ಕ್ರಿಸ್ತನಲ್ಲಿದ್ದು ಲೋಕವನ್ನು ತನ್ನೊಂದಿಗೆ ಸಮಾಧಾನಪಡಿಸಿಕೊಂಡನು (2 ಕೊರಿಂಥ 5:19). ನನ್ನ ಪ್ರಾಣವನ್ನು ಯಾರೂ ಕಸಿಯುವುದಿಲ್ಲ, ನಾನೇ ಕೊಡುತ್ತೇನೆ ಎನ್ನುತ್ತಾನೆ ಯೇಸು (ಯೋಹಾನ 10:18). ಅಂದರೆ ಬೆಲೆ ತೆತ್ತವನು ಅನ್ಯಾಯಕ್ಕೆ ಗುರಿಯಾದ ದೇವರೇ, ಅದೂ ಸ್ವಂತ ಇಚ್ಛೆಯಿಂದ. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎಂಬ ತ್ರಿಯೇಕ ದೇವರ ನಂಬಿಕೆಯನ್ನು ಬಿಟ್ಟರೆ ಶಿಲುಬೆ ನಿಜಕ್ಕೂ ಅನ್ಯಾಯವಾಗಿಯೇ ಕಾಣುತ್ತದೆ.

## ನಮಗೆ ಕೇಡು ಮಾಡಿದವರ ಬಗ್ಗೆ

ನನ್ನ ಗಂಡ ಹೊಡೆಯುತ್ತಾನೆ. ಕ್ಷಮಿಸು, ಸಹಿಸಿಕೋ, ಪ್ರಾರ್ಥನೆ ಮಾಡು ಅಂತಾರೆ ಸಭೆಯವರು. ನಾನೇನು ಮಾಡಲಿ?

ಅಮ್ಮಾ, ಮೊದಲು ಸುರಕ್ಷಿತವಾದ ಜಾಗಕ್ಕೆ ಹೋಗಿ. ಮಕ್ಕಳಿದ್ದರೆ ಕರೆದುಕೊಂಡು ಹೋಗಿ. ನಂಬಿಕೆಯ ಒಬ್ಬರಿಗೆ ಹೇಳಿ, ಪೊಲೀಸರ ಸಹಾಯ ಬೇಕಾದರೆ ಪಡೆಯಿರಿ. ಕ್ಷಮೆಯ ಮಾತು ಆಮೇಲೆ.

ಕ್ಷಮಿಸುವುದು ಬೇರೆ, ಮತ್ತೆ ಅದೇ ಮನೆಗೆ ಹೋಗಿ ಬಾಳುವುದು ಬೇರೆ. ಮೊದಲನೆಯದನ್ನು ಒಬ್ಬರೇ ಮಾಡಬಹುದು. ಎರಡನೆಯದಕ್ಕೆ ಹೊಡೆದವನು ಬದಲಾಗಬೇಕು, ಆ ಬದಲಾವಣೆ ಬಹುಕಾಲ ನಿಂತು ತೋರಬೇಕು. ಸೌಲ ಅರಸ ಈಟಿ ಎಸೆದಾಗ ದಾವೀದ ಪಕ್ಕಕ್ಕೆ ಸರಿದು ಓಡಿಹೋದ (1 ಸಮುವೇಲ 19:10). ಮುಂದೆ ಒಂದು ರಾತ್ರಿ ಸೌಲ ಪಾಳೆಯದಲ್ಲಿ ನಿದ್ದೆಹೋಗಿದ್ದಾಗ ಕೊಲ್ಲುವ ಅವಕಾಶ ಸಿಕ್ಕರೂ ಕೊಲ್ಲದೆ, ತಲೆಯ ಬಳಿ ಇದ್ದ ಈಟಿಯನ್ನೂ ನೀರಿನ ತಂಬಿಗೆಯನ್ನೂ ತೆಗೆದುಕೊಂಡು ದೂರದ ಗುಡ್ಡದ ಮೇಲೆ ನಿಂತು ಕೂಗಿದ. ಸೌಲ ತನ್ನದು ತಪ್ಪಾಯಿತು ಎಂದ. ಮಗನೇ, ಹಿಂದಿರುಗಿ ಬಾ, ಇನ್ನು ನಿನಗೆ ಕೇಡು ಮಾಡುವುದಿಲ್ಲ ಎಂದ. ದಾವೀದ ಏನು ಮಾಡಿದ? ಈಟಿ ಇಲ್ಲಿದೆ, ಆಳೊಬ್ಬನು ಬಂದು ತೆಗೆದುಕೊಂಡು ಹೋಗಲಿ ಎಂದ. ಸೌಲ ತನ್ನ ಸ್ಥಳಕ್ಕೆ ಹೋದ, ದಾವೀದ ತನ್ನ ದಾರಿ ಹಿಡಿದ (1 ಸಮುವೇಲ 26). ಸೇಡು ತೀರಿಸಿಕೊಳ್ಳಲಿಲ್ಲ, ವಾಪಸೂ ಹೋಗಲಿಲ್ಲ. ಅವನಿಗೆ ಕ್ಷಮಿಸುವ ಮನಸ್ಸಿಲ್ಲ ಎಂದು ಬೈಬಲ್ ಎಲ್ಲೂ ದೂರುವುದಿಲ್ಲ.

ನಿನ್ನ ಸಹೋದರ ತಪ್ಪು ಮಾಡಿದರೆ ಗದರಿಸು, ಪಶ್ಚಾತ್ತಾಪಪಟ್ಟರೆ ಕ್ಷಮಿಸು ಎಂದ ಯೇಸು (ಲೂಕ 17:3). ಆ ಗದರಿಸುವ ಕೆಲಸ ಸಭೆಯದೂ ಹೌದು. ಹೊಡೆದವನನ್ನು ಒಂದು ಮಾತೂ ಕೇಳದೆ ಏಟು ತಿಂದವಳಿಗೆ ಕ್ಷಮೆಯ ವಚನ ಓದಿ ಹೇಳುವ ಹಿರಿಯರು ಶುಭಸಂದೇಶವನ್ನು ತಲೆಕೆಳಗು ಮಾಡುತ್ತಿದ್ದಾರೆ. ಇದನ್ನು ಮೆತ್ತಗೆ ಹೇಳಲು ನನಗೆ ಇಷ್ಟವಿಲ್ಲ.

ಕೇಸು ಹಾಕಿದರೆ ನಾನು ಕ್ಷಮಿಸಿಲ್ಲ ಅಂತ ಆಗುತ್ತದಾ?

ಇಲ್ಲ. ಸೇಡು ತೀರಿಸಬೇಡಿ ಎಂದು ರೋಮಾಪುರದವರಿಗೆ ಬರೆದ 12ನೇ ಅಧ್ಯಾಯದ ಬೆನ್ನಿಗೇ, ಕೆಟ್ಟದ್ದನ್ನು ದಂಡಿಸುವ ಅಧಿಕಾರ ಸರಕಾರಕ್ಕಿದೆ ಎನ್ನುವ 13ನೇ ಅಧ್ಯಾಯ ಬರುತ್ತದೆ. 1981ರ ಮೇ 13ರಂದು ಸಂತ ಪೇತ್ರರ ಚೌಕದಲ್ಲಿ ಮೆಹ್ಮೆತ್ ಅಲಿ ಅಗ್ಜಾ ಎರಡನೇ ಜಾನ್ ಪೌಲ್ ಪೋಪರಿಗೆ ಗುಂಡು ಹಾರಿಸಿದ. ಪೋಪರು ಕೆಲವೇ ದಿನಗಳಲ್ಲಿ, ಆಸ್ಪತ್ರೆಯಲ್ಲಿದ್ದಾಗಲೇ, ಅವನನ್ನು ಕ್ಷಮಿಸಿದ್ದಾಗಿ ಹೇಳಿದರು. 1983ರ ಡಿಸೆಂಬರಿನಲ್ಲಿ ಜೈಲಿಗೇ ಹೋಗಿ ಅವನ ಎದುರು ಕೂತು ಮಾತಾಡಿದರು. ಅಗ್ಜಾ ಇಟಲಿಯ ಜೈಲಿನಿಂದ ಬಿಡುಗಡೆಯಾದದ್ದು 2000ದಲ್ಲಿ. ಅಷ್ಟೂ ವರ್ಷ ಪೋಪರ ಕ್ಷಮೆ, ಕಾನೂನಿನ ಶಿಕ್ಷೆ ಎರಡೂ ಜೊತೆಜೊತೆಯಾಗಿ ಇದ್ದವು.

ಮಕ್ಕಳ ಮೇಲಿನ ದೌರ್ಜನ್ಯದಂಥ ಅಪರಾಧದಲ್ಲಿ ದೂರು ಕೊಡದಿರುವುದೇ ಪಾಪ, ಏಕೆಂದರೆ ಮುಂದಿನ ಮಗು ಕಾದಿರುತ್ತದೆ.

ಅವನು ಕ್ಷಮೆ ಕೇಳಿಯೇ ಇಲ್ಲ. ಆದರೂ ಕ್ಷಮಿಸಬೇಕಾ?

ಇಲ್ಲಿ ಪ್ರಾಮಾಣಿಕ ಭಿನ್ನಾಭಿಪ್ರಾಯವಿದೆ. ಮೇಲೆ ಹೇಳಿದ ಲೂಕ 17:3 ಪಶ್ಚಾತ್ತಾಪಪಟ್ಟರೆ ಎನ್ನುತ್ತದೆ. ಮಾರ್ಕ 11:25 ಪ್ರಾರ್ಥನೆಗೆ ನಿಂತಾಗಲೇ ಕ್ಷಮಿಸಿಬಿಡಿ ಎನ್ನುತ್ತದೆ, ಅಲ್ಲಿ ಷರತ್ತಿಲ್ಲ. ಶಿಲುಬೆಯಲ್ಲಿ ಯೇಸು, ಕಲ್ಲೇಟು ತಿನ್ನುತ್ತಿದ್ದ ಸ್ತೆಫನ, ಕೇಳದವರಿಗಾಗಿಯೇ ಪ್ರಾರ್ಥಿಸಿದರು. ನಾನು ಹೀಗೆ ಅರ್ಥಮಾಡಿಕೊಂಡಿದ್ದೇನೆ: ಸೇಡಿನ ಹಕ್ಕನ್ನು ದೇವರಿಗೆ ಒಪ್ಪಿಸಿಬಿಡುವುದು ಇವತ್ತೇ ಶುರುವಾಗಬಹುದು. ಮುರಿದ ಸಂಬಂಧ ಕೂಡುವುದು ಅವನು ಸತ್ಯ ಒಪ್ಪಿಕೊಂಡ ಮೇಲೆ. ದಕ್ಷಿಣ ಆಫ್ರಿಕದಲ್ಲಿ ವರ್ಣಭೇದ ಆಡಳಿತದ ಕಾಲದ ಅಪರಾಧಗಳನ್ನು ವಿಚಾರಿಸಲು ನೇಮಕವಾದ, ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅಧ್ಯಕ್ಷತೆಯ ಸತ್ಯ ಮತ್ತು ಸಮನ್ವಯ ಆಯೋಗ 1996ರಲ್ಲಿ ವಿಚಾರಣೆ ಶುರುಮಾಡಿದಾಗ ಕ್ಷಮಾದಾನ ಬೇಡಿ ಬಂದವರು ಮಾಡಿದ್ದನ್ನೆಲ್ಲ ಪೂರ್ತಿ ಹೇಳಲೇಬೇಕಿತ್ತು. ಪಶ್ಚಾತ್ತಾಪ ಕಡ್ಡಾಯವಿರಲಿಲ್ಲ, ಸತ್ಯ ಕಡ್ಡಾಯವಾಗಿತ್ತು. ಅದು ಸಾಕಾಯಿತೇ ಎಂದು ನೊಂದ ಕುಟುಂಬಗಳಲ್ಲಿ ಅನೇಕರು ಆಗಲೂ ಕೇಳಿದರು, ಈಗಲೂ ಕೇಳುತ್ತಾರೆ. ಕೇಳುವುದು ಅವರ ಹಕ್ಕು.

ನಾನು ಕ್ಷಮಿಸದಿದ್ದರೆ ದೇವರು ನನ್ನನ್ನೂ ಕ್ಷಮಿಸಲ್ಲ ಅಂತ ಹೆದರಿಸುತ್ತಾರೆ. ನಿಜವಾ?

ಮತ್ತಾಯ 6:14-15ರಲ್ಲಿ ಆ ಮಾತು ಇದೆ, ಅದನ್ನು ತೇಲಿಸಿಬಿಡಲಾಗದು. ಮತ್ತಾಯ 18ರಲ್ಲಿ ಯೇಸು ಹೇಳಿದ ಸಾಮ್ಯಕಥೆ ಅದನ್ನು ಬಿಡಿಸಿ ಹೇಳುತ್ತದೆ. ಒಬ್ಬ ಆಳಿಗೆ ಅರಸ 10,000 ತಲಾಂತಿನ ಸಾಲ ಮನ್ನಾ ಮಾಡುತ್ತಾನೆ. ಒಂದು ತಲಾಂತಿಗೆ ಸುಮಾರು 6,000 ಬೆಳ್ಳಿ ನಾಣ್ಯ, ಒಂದು ನಾಣ್ಯ ಕೂಲಿಯವನ ಒಂದು ದಿನದ ದುಡಿಮೆ. ಅಂದರೆ 6 ಕೋಟಿ ದಿನದ ಕೂಲಿ. ಅದೇ ಆಳು ಹೊರಗೆ ಬಂದವನೇ, 100 ನಾಣ್ಯ ಕೊಡಬೇಕಿದ್ದ ಜೊತೆಗಾರನ ಕುತ್ತಿಗೆ ಹಿಸುಕುತ್ತಾನೆ. 100 ನಾಣ್ಯವೂ ಸಣ್ಣದಲ್ಲ, ಮೂರು ತಿಂಗಳಿಗೂ ಮಿಕ್ಕಿದ ದುಡಿಮೆ. ನಿಮಗಾದ ನೋವು ಚಿಕ್ಕದೆಂದು ಯೇಸು ಹೇಳುತ್ತಿಲ್ಲ.

ಎಚ್ಚರಿಕೆ ಇರುವುದು ಕುತ್ತಿಗೆ ಹಿಸುಕುವವನಿಗೆ. ಕ್ಷಮಿಸಬೇಕೆಂದು ಮನಸ್ಸಿದ್ದೂ ಆಗದೆ ಅಳುವವರಿಗೆ ಈ ವಚನವನ್ನು ದೊಣ್ಣೆಯಾಗಿ ಬಳಸುವುದು ತಪ್ಪು. ಕ್ಷಮಿಸಲು ಮನಸ್ಸು ಕೊಡು ಎಂಬ ಪ್ರಾರ್ಥನೆಯೇ ಕ್ಷಮೆಯ ಮೊದಲ ಹೆಜ್ಜೆ, ಅದಕ್ಕೆ ವರ್ಷಗಳೇ ಹಿಡಿಯಬಹುದು.

ಕ್ಷಮಿಸಿದೆ, ಆದರೆ ಮರೆಯಲು ಆಗುತ್ತಿಲ್ಲ.

ಮರೆಯಬೇಕೆಂದು ಯಾರೂ ಆಜ್ಞಾಪಿಸಿಲ್ಲ. ಸತ್ತು ಎದ್ದುಬಂದ ಯೇಸುವಿನ ಕೈಗಳಲ್ಲೂ ಮೊಳೆಯ ಗಾಯ ಹಾಗೇ ಇತ್ತು.

## ಇನ್ನೂ ಕಠಿಣವಾದವು

ಕೊಲೆಗಾರ ನೇಣಿಗೆ ಮುಂಚೆ ಪಶ್ಚಾತ್ತಾಪಪಟ್ಟು ಸ್ವರ್ಗಕ್ಕೆ ಹೋಗುತ್ತಾನೆ. ಅವನ ಕೈಯಲ್ಲಿ ಸತ್ತವನು ಕ್ರಿಸ್ತನನ್ನು ನಂಬಿರಲಿಲ್ಲ ಅಂತ ನರಕಕ್ಕೆ ಹೋಗುತ್ತಾನಾ?

ಮೊದಲರ್ಧಕ್ಕೆ ಉತ್ತರ ಹೌದು. ಯೇಸುವಿನ ಪಕ್ಕದಲ್ಲಿ ಶಿಲುಬೆಗೇರಿದ್ದ ದುಷ್ಕರ್ಮಿಗೆ ಸಿಕ್ಕಿದ ಮಾತು ಅದೇ, ಇಂದೇ ನನ್ನ ಸಂಗಡ ಪರದೈಸಿನಲ್ಲಿರುವಿ ಎಂದು (ಲೂಕ 23:43). ನಮಗೆ ತಕ್ಕ ಶಿಕ್ಷೆಯೇ ಸಿಕ್ಕಿದೆ ಎಂದು ಅವನು ಮೊದಲು ಒಪ್ಪಿಕೊಂಡಿದ್ದ ಎಂಬುದನ್ನು ಮರೆಯಬಾರದು.

ಎರಡನೆಯರ್ಧಕ್ಕೆ ಹೌದು ಎನ್ನುವ ಅಧಿಕಾರ ಯಾವ ಮನುಷ್ಯನಿಗೂ ಇಲ್ಲ. ಧರ್ಮಶಾಸ್ತ್ರ ತಿಳಿಯದವರಿಗೆ ಅವರ ಮನಸ್ಸಾಕ್ಷಿಯೇ ಸಾಕ್ಷಿ ಎನ್ನುತ್ತಾನೆ ಪೌಲ (ರೋಮಾಪುರದವರಿಗೆ 2:14-16). ತಿಳಿಯದೆ ತಪ್ಪಿದವನಿಗೆ ಕಡಿಮೆ ಪೆಟ್ಟು ಎನ್ನುತ್ತಾನೆ ಯೇಸು (ಲೂಕ 12:48). ತಮ್ಮದಲ್ಲದ ಕಾರಣಕ್ಕೆ ಶುಭಸಂದೇಶ ಅರಿಯದೆ, ಪ್ರಾಮಾಣಿಕವಾಗಿ ದೇವರನ್ನು ಅರಸುವವರಿಗೂ ರಕ್ಷಣೆ ಸಾಧ್ಯ ಎಂದು ಕಥೋಲಿಕ ಸಭೆಯ ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಹೇಳಿತು. ಕ್ರಿಸ್ತನಲ್ಲಿ ಬಹಿರಂಗವಾದ ನಂಬಿಕೆ ಬೇಕೇ ಬೇಕು ಎನ್ನುವ ಪ್ರೊಟೆಸ್ಟೆಂಟರು ಬಹಳ ಮಂದಿ ಇದ್ದಾರೆ, ಅವರಲ್ಲೂ ಅನೇಕರು ತೀರ್ಪನ್ನು ದೇವರಿಗೆ ಬಿಡುತ್ತಾರೆ. ಸರ್ವಲೋಕಕ್ಕೆ ನ್ಯಾಯ ತೀರಿಸುವವನು ನ್ಯಾಯವನ್ನೇ ಮಾಡಬೇಕಲ್ಲವೇ ಎಂದು ಅಬ್ರಹಾಮ ದೇವರ ಮುಖಕ್ಕೇ ಕೇಳಿದ (ಆದಿಕಾಂಡ 18:25). ಅದೇ ಭರವಸೆಯ ಮೇಲೆ ನಾನೂ ನಿಂತಿದ್ದೇನೆ.

ಅರವತ್ತು ವರ್ಷದ ಬಾಳಿನ ಪಾಪಕ್ಕೆ ಕೊನೆಯಿಲ್ಲದ ನರಕ. ಇದ್ಯಾವ ನ್ಯಾಯ?

ಬಹುಪಾಲು ಸಭೆಗಳು ನರಕ ನಿತ್ಯವಾದದ್ದು ಎಂದೇ ಬೋಧಿಸುತ್ತ ಬಂದಿವೆ. ಹಾಗೆ ಬೋಧಿಸುವವರಲ್ಲೂ ಅನೇಕರು ಅದನ್ನು ದೇವರಿಂದ ತಾನಾಗಿ ದೂರ ಉಳಿದುಕೊಳ್ಳುವ ಸ್ಥಿತಿ ಎನ್ನುತ್ತಾರೆ. ಕಥೋಲಿಕ ಧರ್ಮೋಪದೇಶವೂ ಹೀಗೇ ಹೇಳುತ್ತದೆ. ಕೊನೆಗೆ ದುಷ್ಟರು ಇಲ್ಲವಾಗುತ್ತಾರೆ, ಯಾತನೆ ಮುಗಿಯುತ್ತದೆ ಎನ್ನುವವರು ಇದ್ದಾರೆ. 4ನೇ ಶತಮಾನದ ನಿಸ್ಸಾದ ಗ್ರೆಗರಿ, ಶುದ್ಧೀಕರಣದ ನಂತರ ಎಲ್ಲರೂ ದೇವರ ಬಳಿಗೆ ಬಂದಾರು ಎಂದು ನಿರೀಕ್ಷಿಸಿದ, ಸಭೆ ಅವನನ್ನು ಇಂದಿಗೂ ಸಂತನೆಂದು ಗೌರವಿಸುತ್ತದೆ. ಅವನಿಗಿಂತ ಹಿಂದಿನ ಬೋಧಕ ಒರಿಗೆನನ ಹೆಸರಿನಲ್ಲಿ ಹರಡಿದ ಅಂಥದೇ ಬೋಧನೆಯನ್ನು 6ನೇ ಶತಮಾನದಲ್ಲಿ ಖಂಡಿಸಲಾಯಿತು. ನಾನು ಯಾರ ಹೆಸರನ್ನೂ ನರಕದ ಪಟ್ಟಿಗೆ ಬರೆಯಲಾರೆ, ನರಕವೇ ಇಲ್ಲ ಎಂದೂ ಹೇಳಲಾರೆ.

ನನಗೆ ಅನ್ಯಾಯ ಮಾಡಿದವನನ್ನು ನನ್ನನ್ನು ಕೇಳದೆ ದೇವರು ಹೇಗೆ ಕ್ಷಮಿಸುತ್ತಾನೆ? ನೋವು ನನ್ನದಲ್ವಾ?

ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಂಭೀರವಾದ ಪ್ರಶ್ನೆ ಇದು. 51ನೇ ಕೀರ್ತನೆಯಲ್ಲಿ ದಾವೀದ, ನಿನಗೆ ಮಾತ್ರ ಪಾಪ ಮಾಡಿದ್ದೇನೆ ಎಂದು ದೇವರಿಗೆ ಹೇಳುತ್ತಾನೆ. ಊರೀಯ ಎಲ್ಲಿ ಹೋದ ಎಂದು ಯಾರಾದರೂ ಕೇಳಲೇಬೇಕು. ಎಲ್ಲ ಪಾಪವೂ ಕೊನೆಗೆ ದೇವರ ವಿರುದ್ಧವೇ ಎಂದು ವ್ಯಾಖ್ಯಾನಕಾರರು ಉತ್ತರಿಸುತ್ತಾರೆ, ಏಕೆಂದರೆ ಪೆಟ್ಟು ತಿಂದವನು ದೇವರ ಸ್ವರೂಪದಲ್ಲಿ ಉಂಟಾದವನು. ಇದು ನಿಜ, ಆದರೆ ಪೂರ್ತಿ ಉತ್ತರವಲ್ಲ.

ಯೆಹೂದ್ಯರ ಹಳೆಯ ಧರ್ಮನಿಯಮಗಳ ಸಂಗ್ರಹವಾದ ಮಿಷ್ನಾ ಇಲ್ಲಿ ನೇರವಾಗಿದೆ: ಮನುಷ್ಯ ಮನುಷ್ಯನಿಗೆ ಮಾಡಿದ ಪಾಪಕ್ಕೆ, ನೊಂದವನನ್ನು ಸಮಾಧಾನಪಡಿಸುವ ತನಕ, ವರ್ಷಕ್ಕೊಮ್ಮೆ ಪಾಪಪರಿಹಾರಕ್ಕಾಗಿ ಉಪವಾಸವಿರುವ ದೋಷಪರಿಹಾರಕ ದಿನವೂ ಪರಿಹಾರ ತರುವುದಿಲ್ಲ. ಯೇಸುವಿನ ಮಾತೂ ಇದಕ್ಕೆ ದೂರವಿಲ್ಲ. ಕಾಣಿಕೆ ಹಿಡಿದು ಯಜ್ಞವೇದಿಯ ಮುಂದೆ ನಿಂತಾಗ ನಿನ್ನ ಮೇಲೆ ಸಹೋದರನಿಗೆ ಏನೋ ದೂರು ಇದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನ ಬಳಿಗೆ ಹೋಗು ಎಂದ (ಮತ್ತಾಯ 5:23-24). ಅಂದರೆ ದೇವರ ಹತ್ತಿರ ಹೋಗುವ ದಾರಿಯಲ್ಲಿ ನೊಂದವರ ಮನೆಯನ್ನು ತಪ್ಪಿಸಿ ಹೋಗಲಾಗದು.

ನೊಂದವರೇ ಸತ್ತುಹೋಗಿದ್ದರೆ? ಅವರ ಪರವಾಗಿ ಕ್ಷಮಿಸುತ್ತೇನೆ ಎನ್ನುವ ಹಕ್ಕು ಬದುಕಿರುವ ನಮಗಿಲ್ಲ ಎಂದು ನಾನು ನಂಬುತ್ತೇನೆ. ಸತ್ತವರ ಬಾಯಿ ಮುಚ್ಚಿಸಿಲ್ಲ ಎಂದು ಪ್ರಕಟನೆ ಗ್ರಂಥ ಹೇಳುತ್ತದೆ. ಕೊಲೆಯಾದವರ ಆತ್ಮಗಳು ಯಜ್ಞವೇದಿಯ ಕೆಳಗಿನಿಂದ, ಒಡೆಯನೇ, ನ್ಯಾಯ ತೀರಿಸದೆ ಇನ್ನೆಷ್ಟು ಕಾಲ ಎಂದು ಕೂಗುತ್ತವೆ (6:10). ಸುಮ್ಮನಿರಿ, ಕ್ಷಮಿಸಿಬಿಡಿ ಎಂದು ಯಾರೂ ಅವರನ್ನು ಗದರುವುದಿಲ್ಲ. ಬಿಳೀ ನಿಲುವಂಗಿ ಕೊಟ್ಟು, ಇನ್ನೂ ಸ್ವಲ್ಪ ಕಾಲ ಕಾಯಿರಿ ಎನ್ನುತ್ತಾರೆ. ಆದ್ದರಿಂದ ನೀವು ಸಿಟ್ಟಿನಿಂದ, ಅಳುತ್ತಾ, ನ್ಯಾಯ ಕೊಡು ಎಂದು ಪ್ರಾರ್ಥಿಸಿದರೆ ಅದೂ ಪ್ರಾರ್ಥನೆಯೇ. ಕೀರ್ತನೆಗಳಲ್ಲಿ ಅಂಥವು ಬೇಕಾದಷ್ಟಿವೆ. 10ನೆಯದು, 13ನೆಯದು, 94ನೆಯದನ್ನು ತೆಗೆದು, ನಿಮ್ಮದೇ ಹೆಸರಿಟ್ಟು ಗಟ್ಟಿಯಾಗಿ ಓದಿ.